ಅಧ್ಯಾಪಕರ ನೇಮಕದಲ್ಲಿ ಸಮಾನಾವಕಾಶ

ಮೀಸಲಾತಿಯ ಮಾತೆತ್ತಿದೊಡನೆ ನಮ್ಮ ವಿದ್ಯಾರ್ಥಿಗಳಲ್ಲಿ ಎರಡು ಪಂಗಡಗಳಾಗುತ್ತವೆ. ಒಂದು ಯೋಗ್ಯತೆಯ ಹೆಸರು ಹೇಳುತ್ತದೆ, ಇನ್ನೊಂದು ನ್ಯಾಯದ ಹೆಸರು ಹೇಳುತ್ತದೆ. ಆದರೆ ಹುದ್ದೆಗಳನ್ನು ಎಣಿಸುವ ಕ್ರಮ ಯಾವುದೆಂದು ಕೇಳುವವರು ವಿರಳ. ನನ್ನ ಅಲ್ಪಮತಿಗೆ ತೋರುವಂತೆ, ವಿಶ್ವವಿದ್ಯಾನಿಲಯಗಳ ನೇಮಕದಲ್ಲಿ ನ್ಯಾಯವು ಉಳಿಯುವುದೂ ಅಳಿಯುವುದೂ ಈ ಎಣಿಕೆಯಲ್ಲಿಯೇ.

ಈ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾದದ್ದು 1916ರಲ್ಲಿ. ಎರಡು ವರ್ಷಗಳ ತರುವಾಯ, 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿ, ಸರಕಾರಿ ನೌಕರಿಯಲ್ಲಿ ಹಿಂದುಳಿದ ವರ್ಗಗಳಿಗೆ ಪಾಲು ದೊರಕಿಸುವ ಬಗೆಯನ್ನು ವಿಚಾರ ಮಾಡಿಸಿದರು. ಮುಂದೆ ನಮ್ಮ ಸಂವಿಧಾನದ 16ನೆಯ ವಿಧಿಯು ಸರಕಾರಿ ಉದ್ಯೋಗದಲ್ಲಿ ಸರ್ವರಿಗೂ ಸಮಾನಾವಕಾಶವನ್ನು ಸಾರಿತು. ಹಿಂದುಳಿದ ವರ್ಗಗಳಿಗೆ ಹುದ್ದೆಗಳನ್ನು ಮೀಸಲಿಡುವುದಕ್ಕೂ ಅದೇ ವಿಧಿಯಲ್ಲಿ ಎಡೆಮಾಡಿತು. ಇವೆರಡೂ ಪರಸ್ಪರ ವಿರೋಧವೆಂದು ಸಂವಿಧಾನವನ್ನು ರಚಿಸಿದ ಹಿರಿಯರು ಭಾವಿಸಲಿಲ್ಲ.

ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯುಂಟಷ್ಟೆ. ಕೇಂದ್ರೀಯ ವಿಶ್ವವಿದ್ಯಾನಿಲಯಗಳಲ್ಲಿ ಪರಿಶಿಷ್ಟ ಜಾತಿಗೆ ನೂರಕ್ಕೆ 15, ಪರಿಶಿಷ್ಟ ಪಂಗಡಕ್ಕೆ 7.5, ಇತರ ಹಿಂದುಳಿದ ವರ್ಗಗಳಿಗೆ 27 ಹುದ್ದೆಗಳು ಮೀಸಲು. 2017ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು ಈ ಲೆಕ್ಕವನ್ನು ಇಡೀ ವಿಶ್ವವಿದ್ಯಾನಿಲಯಕ್ಕೆ ಹಾಕದೆ ಒಂದೊಂದು ವಿಭಾಗಕ್ಕೂ ಬೇರೆಬೇರೆಯಾಗಿ ಹಾಕಬೇಕೆಂದಿತು. 2018ರ ಮಾರ್ಚಿಯಲ್ಲಿ ಯು.ಜಿ.ಸಿ. ಅದರಂತೆ ಆಜ್ಞೆ ಹೊರಡಿಸಿತು. ರೋಸ್ಟರಿನ ಪ್ರಕಾರ ಹಿಂದುಳಿದ ವರ್ಗದ ಮೊದಲ ಸರದಿ 4ನೆಯ ಹುದ್ದೆಗೆ, ಪರಿಶಿಷ್ಟ ಜಾತಿಯದು 7ನೆಯದಕ್ಕೆ, ಪರಿಶಿಷ್ಟ ಪಂಗಡದ್ದು 14ನೆಯದಕ್ಕೆ.

ಇಪ್ಪತ್ತು ವಿಭಾಗಗಳಿವೆ, ಪ್ರತಿಯೊಂದರಲ್ಲಿಯೂ ಒಂದೇ ಪ್ರಾಧ್ಯಾಪಕ ಹುದ್ದೆಯಿದೆ ಎಂದಿಟ್ಟುಕೊಳ್ಳೋಣ. ವಿಭಾಗವಾರು ಎಣಿಸಿದರೆ ಎಲ್ಲವೂ ಮೊದಲನೆಯ ಹುದ್ದೆಯೇ. ಈ ಮೂರು ವರ್ಗಗಳಿಗೆ ಒಂದೂ ಇಲ್ಲ. ಒಟ್ಟಾಗಿ ಎಣಿಸಿದರೆ ಹಿಂದುಳಿದ ವರ್ಗಗಳಿಗೆ 5, ಪರಿಶಿಷ್ಟ ಜಾತಿಗೆ 3, ಪರಿಶಿಷ್ಟ ಪಂಗಡಕ್ಕೆ 1. ಶೇಕಡಾವಾರಿನ ಅಂಕಿಯನ್ನು ಮುಟ್ಟದೆಯೇ ಒಂಬತ್ತು ಸ್ಥಾನಗಳು ಮಾಯವಾದವು!

2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದರಲ್ಲಿ ಕೈಹಾಕಲಿಲ್ಲ. ಅಧ್ಯಾಪಕರೂ ವಿದ್ಯಾರ್ಥಿಗಳೂ ಬೀದಿಗಿಳಿದು ಪ್ರತಿಭಟಿಸಿದ ಮೇಲೆ, ಮಾರ್ಚಿಯಲ್ಲಿ ಸುಗ್ರೀವಾಜ್ಞೆಯೂ ಜುಲೈನಲ್ಲಿ ಪೂರ್ಣ ಕಾನೂನೂ ಬಂದು, ಸಂಸ್ಥೆಯನ್ನೇ ಒಂದು ಘಟಕವೆಂದು ಎಣಿಸುವಂತಾಯಿತು. ನಮ್ಮ ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ಈ ಕಾನೂನಿಗೆ ಒಳಪಟ್ಟಿದೆ.

ಇದರಿಂದ ಪಾಠದ ಮಟ್ಟ ಇಳಿಯುವುದೆಂದು ಕೆಲವು ಮಿತ್ರರ ಆತಂಕ. ಆ ಆತಂಕವನ್ನು ನಾನು ಹಗುರಾಗಿ ಕಾಣುವುದಿಲ್ಲ. ಅಂಕಗಳಲ್ಲಿ ಕೊಂಚ ಸಡಿಲಿಕೆಯುಂಟು, ನಿಜ. ಆದರೂ ಮೀಸಲು ಹುದ್ದೆಗೆ ಬರುವವರು ಸ್ನಾತಕೋತ್ತರ ಪದವಿ ಪಡೆದು, ನೆಟ್ ಅಥವಾ ಕೆ-ಸೆಟ್ ದಾಟಿ, ಇಲ್ಲವೆ ಪಿಎಚ್.ಡಿ. ಮುಗಿಸಿಯೇ ಬರಬೇಕಲ್ಲವೆ? ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಅರ್ಜಿ ತುಂಬುವುದು ಹೇಗೆ, ಯಾವ ಪುಸ್ತಕ ಓದಬೇಕು ಎಂದು ಹೇಳುವವರು ಮನೆಯಲ್ಲಿ ಇರಲಿಲ್ಲ. ಇಲ್ಲಿನ ಅಧ್ಯಾಪಕರನ್ನೇ ಕೇಳಿದೆ. ಕೇಳಲು ಅಂಜುತ್ತಿದ್ದ ನನಗೆ ಹೆಚ್ಚು ಧೈರ್ಯ ಬಂದದ್ದು, ನನ್ನಂಥ ಮನೆಯಿಂದಲೇ ಬಂದು ಪಾಠ ಹೇಳುತ್ತಿದ್ದವರ ಮುಂದೆ. ಇದೂ ವಿದ್ಯೆಯ ಮಟ್ಟದ ಒಂದು ಭಾಗವೆಂದು ನಾನು ನಂಬುತ್ತೇನೆ.

ಕಾನೂನು ಬಂದಿತೆಂದು ಕೈಕಟ್ಟಿ ಕುಳಿತರೂ ಸಾಲದು. ಖಾಯಂ ಹುದ್ದೆಗಳನ್ನು ತುಂಬದೆ, ಅತಿಥಿ ಉಪನ್ಯಾಸಕರಿಂದಲೇ ವರ್ಷಗಳನ್ನು ದೂಡಿದರೆ ರೋಸ್ಟರು ಬರಿಯ ಕಾಗದವಾಗಿ ಉಳಿಯುತ್ತದೆ. ಮೀಸಲು ಹುದ್ದೆಗೆ 'ತಕ್ಕವರು ದೊರೆಯಲಿಲ್ಲ' ಎಂದು ಬರೆದು ಖಾಲಿ ಬಿಟ್ಟರೂ ಫಲ ಅಷ್ಟೇ.

ಆದುದರಿಂದ, ಸಹಪಾಠಿಗಳೆ, ಮೀಸಲಾತಿಯ ಪರವಾಗಲಿ ವಿರೋಧವಾಗಲಿ ವಾದಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳೋಣ: ಒಟ್ಟು ಹುದ್ದೆಗಳೆಷ್ಟು? ಅವನ್ನು ಎಣಿಸಿದ್ದು ಹೇಗೆ? ತುಂಬಿದ್ದೆಷ್ಟು? ಇವಕ್ಕೆ ಉತ್ತರ ಪಡೆಯುವ ಹಕ್ಕನ್ನು 2005ರ ಮಾಹಿತಿ ಹಕ್ಕು ಕಾಯಿದೆ ನಮಗೆ ಕೊಟ್ಟಿದೆ. ನಾಳೆ ಅರ್ಜಿ ಹಿಡಿದು ಆ ಬಾಗಿಲಲ್ಲಿ ನಿಲ್ಲುವವರು ನಾವೇ.