ಅಂಗಡಿ ಲೆಕ್ಕಕ್ಕೂ ಮಗನ ಓದಿಗೂ ಒಂದೇ ಕಂಪ್ಯೂಟರ್

ಜತ್ತ ತಾಲ್ಲೂಕಿನ ಒಂದು ಕಿರಾಣಿ ಅಂಗಡಿಯ ಟ್ಯಾಲಿ ಲೆಕ್ಕ ನಾನೇ ನೋಡಿಕೊಳ್ಳುತ್ತೇನೆ. ಕಳೆದ ವರ್ಷ ಆ ಮನೆಯ ಹುಡುಗ ಅದೇ ಕಂಪ್ಯೂಟರಿಗೆ ಉಬುಂಟು ಲಿನಕ್ಸ್ ಹಾಕಲು ಹೋದ. ಹತ್ತನೆಯವರೆಗೆ ಕನ್ನಡ ಸಾಲಿಯಲ್ಲಿ ಕಲಿತು ಈಗ ಕಂಪ್ಯೂಟರ್ ಪದವಿಗೆ ಸೇರಿದವ. ಡಿಸ್ಕ್ ಅಳಿಸಬೇಕೇ ಎಂದು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಹೂಂ ಎಂದು ಒತ್ತಿಬಿಟ್ಟ. ಮೂರು ತಿಂಗಳ ಲೆಕ್ಕ ಹೋಯಿತು. ಪೆನ್‌ಡ್ರೈವಿನ ಬ್ಯಾಕಪ್ ಹಳೆಯದು, ಅದು ನನ್ನ ತಪ್ಪು. ಬಿಲ್ಲು ಹರವಿಕೊಂಡು ಎಂಟು ದಿನ ಮತ್ತೆ ಏರಿಸಿದೆವು. "ಇನ್ನ ಮಷಿನ್ನಿಗೆ ಕೈ ಹಚ್ಚಬ್ಯಾಡ" ಎಂದು ತಂದೆ ಗದರಿದರು.

ಹುಡುಗನನ್ನು ಬೈದು ಏನು ಪ್ರಯೋಜನ? ವರ್ಚುವಲ್ ಮಷಿನ್ ಅಂದರೇನು ಎಂದು ಕ್ಲಾಸಿನವರು ಮೊದಲ ವಾರವೇ ಹೇಳಬೇಕಿತ್ತು. ಅದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಮಾಡಿದ ಇನ್ನೊಂದು ಕಂಪ್ಯೂಟರ್. 2007ರಲ್ಲಿ ಬಂದ, ಈಗ ಒರಾಕಲ್ ಕೈಯಲ್ಲಿರುವ ವರ್ಚುವಲ್‌ಬಾಕ್ಸ್ ಉಚಿತವಾಗಿ ಸಿಗುತ್ತದೆ. ಅದರ ಡಿಸ್ಕ್ ಎಂದರೆ ವಿಂಡೋಸಿನಲ್ಲಿರುವ ಒಂದು ಫೈಲ್ ಅಷ್ಟೇ. ಒಳಗೆ ಎಲ್ಲ ಅಳಿಸಿದರೂ ಹೊರಗಿನ ಟ್ಯಾಲಿಗೆ ಧಕ್ಕೆಯಿಲ್ಲ.

8 ಜಿಬಿ ರ‍್ಯಾಮ್ ಇದ್ದರೆ ಒಳಗಿನದಕ್ಕೆ 4 ಜಿಬಿ, 25 ಜಿಬಿ ಡಿಸ್ಕ್ ಕೊಟ್ಟು ನಡೆಸಬಹುದು. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಚಾಲೂ ಇರಬೇಕು, ಬಹಳ ಹುಡುಗರು ಇಲ್ಲೇ ಸೋತು ಕೈಬಿಡ್ತಾರೆ. ಹೊಸದೇನಾದರೂ ಹಾಕುವ ಮುಂಚೆ ಸ್ನ್ಯಾಪ್‌ಶಾಟ್ ತೆಗೆದರೆ, ಕೆಟ್ಟಾಗ ಆ ಹೊತ್ತಿನ ಸ್ಥಿತಿಗೆ ಮರಳಬಹುದು. ಆದರೆ ಹಳೇ ಸ್ನ್ಯಾಪ್‌ಶಾಟ್ ಗುಡ್ಡೆ ಹಾಕಿದರೆ ಡಿಸ್ಕ್ ತುಂಬುತ್ತದೆ. ಅದನ್ನೇ ಬ್ಯಾಕಪ್ ಎಂದು ನಂಬಿಯೂ ಕೂಡಬಾರದು, ಹಾರ್ಡ್‌ಡಿಸ್ಕ್ ಹೋದರೆ ಎರಡೂ ಹೋದವು. ಇನ್ನೊಂದು ಮಾತು, ಲೆಕ್ಕದ ಫೋಲ್ಡರನ್ನು ಶೇರ್ ಮಾಡಲೇಬೇಡಿ. ಅಲ್ಲಿ ಒಳಗಿನಿಂದ ಅಳಿಸಿದ್ದು ನಿಜವಾಗಿಯೇ ಅಳಿಯುತ್ತದೆ.

ಬೇರೆ ಲ್ಯಾಪ್‌ಟಾಪ್ ಕೊಡಿಸಿ ಎನ್ನುವುದು ಸುಲಭ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆ ಆ ಮಾತು ಯಾರ ಮನೆಯಲ್ಲಿ ನಡೆದೀತು? ಹಳೇ ಮಷಿನ್ನಿಗೆ ರ‍್ಯಾಮ್ ಹಾಕಿಸುವುದು ಅದಕ್ಕಿಂತ ಕಡಿಮೆ ಖರ್ಚು. ಇಷ್ಟನ್ನು ಕ್ಲಾಸಿನವರು ಮರಾಠಿಯಲ್ಲಿ ಹೇಳಲಿ, ಗಡಿಭಾಗದ ಹುಡುಗರಿಗೆ ಕನ್ನಡದಲ್ಲೂ ಒಮ್ಮೆ ಹೇಳಲಿ.

ಮೊನ್ನೆ ಆ ತಂದೆಯ ಎದುರಿಗೇ ಹುಡುಗ ಒಳಗಿನ ಡಿಸ್ಕನ್ನು ಪೂರ್ತಿ ಅಳಿಸಿ ತೋರಿಸಿದ. "ಮತ್ತ ನಮ್ಮ ಉದ್ರಿ ಖಾತೆ?" ಎಂದರು. "ಏನೂ ಆಗಿಲ್ರೀ ಕಾಕಾ" ಎಂದು ಟ್ಯಾಲಿ ತೆರೆದೆ. ಲೆಕ್ಕ ಪೈಸೆ ಸಹಿತ ಇತ್ತು. ಈಗ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಎರಡು ತಾಸು ಮಷಿನ್ ಮಗನಿಗೆ ಬಿಟ್ಟುಕೊಡ್ತಾರೆ.