ಹಿತ್ತಾಳೆಯೂ ಬಣ್ಣವೂ

ಹಡಗು ವಿಮಾನಗಳ ಪುಟ್ಟ ಮಾದರಿಗಳನ್ನು ಜೋಡಿಸಿ ಬಣ್ಣ ಬಳಿಯುವುದನ್ನು ಮಕ್ಕಳಾಟವೆಂದು ನಗುವವರುಂಟು. ಅಂಥವರು ಜಪಾನಿನ ಶಿಜುವೊಕ ಪ್ರಾಂತದ ಕಡೆಗೊಮ್ಮೆ ದೃಷ್ಟಿ ಹರಿಸಬೇಕು. ಅಲ್ಲಿಯ ತಮಿಯಾ, ಹಸೆಗಾವಾ, ಅವೊಶಿಮಾ, ಫುಜಿಮಿ ಎಂಬ ನಾಲ್ಕು ಕಂಪನಿಗಳು 1971ರಲ್ಲಿ ಒಂದುಗೂಡಿ, ಯುದ್ಧನೌಕೆಗಳನ್ನು 1:700ರ ಪ್ರಮಾಣಕ್ಕೆ ಇಳಿಸಿ ಪ್ಲಾಸ್ಟಿಕ್ಕಿನಲ್ಲಿ ಹೊರತರತೊಡಗಿದವು. 263 ಮೀಟರ್ ಉದ್ದದ ‘ಯಮಾಟೊ’ ಈ ಲೆಕ್ಕದಲ್ಲಿ 38 ಸೆಂಟಿಮೀಟರಿಗಿಂತ ತುಸು ಕಡಿಮೆಯಾಗಿ ಮೇಜಿನ ಮೇಲೆ ಬಂದು ಕೂಡುತ್ತದೆ. ಆದರೆ ಅದರ ಅಂಚಿನ ಕಟಕಟೆಯ ಗತಿಯೇನು? ಒಂದು ಮೀಟರ್ ಎತ್ತರದ ಕಟಕಟೆಯು ಇಲ್ಲಿ ಒಂದೂವರೆ ಮಿಲಿಮೀಟರನ್ನೂ ಮುಟ್ಟದು. ಅಷ್ಟು ತೆಳುವಾದ ಕಂಬಿಗಳು ಪ್ಲಾಸ್ಟಿಕ್ಕಿನ ಅಚ್ಚಿನಲ್ಲಿ ಮೂಡವು. ಆದುದರಿಂದಲೇ ಹಿತ್ತಾಳೆಯ ಮೊರೆಹೊಕ್ಕರು.

ಒಂದೆರಡು ದಶಾಂಶ ಮಿಲಿಮೀಟರ್ ದಪ್ಪದ ಹಿತ್ತಾಳೆಯ ತಗಡಿಗೆ ಬೆಳಕಿಗೆ ಸ್ಪಂದಿಸುವ ಲೇಪವೊಂದನ್ನು ಬಳಿದು, ಬೇಕಾದ ಚಿತ್ರವನ್ನು ಛಾಯಾಚಿತ್ರದ ರೀತಿಯಲ್ಲಿ ಅದರ ಮೇಲೆ ಮೂಡಿಸುತ್ತಾರೆ. ಬಳಿಕ ಫೆರಿಕ್ ಕ್ಲೋರೈಡಿನಂಥ ದ್ರಾವಣವು ಲೇಪವಿಲ್ಲದೆಡೆಯ ಲೋಹವನ್ನು ತಿಂದುಹಾಕುತ್ತದೆ. ಉಳಿದುದೇ ಕಟಕಟೆ, ಏಣಿ, ರೇಡಾರಿನ ಜಾಲರಿ. ಅಕ್ಕಸಾಲಿಗನೂ ತಲೆದೂಗಬೇಕಾದ ಕೆಲಸವದು.

ತೊಡಕು ಆರಂಭವಾಗುವುದು ಬಣ್ಣದ ವೇಳೆಗೆ. ಲ್ಯಾಕರ್ ಬಣ್ಣದಲ್ಲಿರುವ ದ್ರಾವಕವು ಪ್ಲಾಸ್ಟಿಕ್ಕಿನ ಮೈಯನ್ನು ಕೊಂಚ ಮೆದುವಾಗಿಸಿ ಕಚ್ಚಿಕೊಳ್ಳುತ್ತದೆ. ಹಿತ್ತಾಳೆಯಾದರೋ ಯಾವ ದ್ರಾವಕಕ್ಕೂ ಕರಗದೆ ನುಣ್ಣಗೆ ನಿಂತಿರುತ್ತದೆ. ಅದರ ಮೇಲೆ ಕಣ್ಣಿಗೆ ಕಾಣದ ಎಣ್ಣೆಯ ಪಸೆ, ಬೆರಳಿನ ಜಿಡ್ಡು, ಗಾಳಿಗೆ ಮಂಕಾದ ಪೊರೆ ಬೇರೆ. ಹಚ್ಚಿದ ಬಣ್ಣ ಅಂದಿಗೆ ಚೆನ್ನಾಗಿಯೇ ತೋರುತ್ತದೆ. ನನ್ನ ಮಿತ್ರರೊಬ್ಬರು ಮೂರು ತಿಂಗಳ ಸಂಜೆಗಳನ್ನು ಒಂದು ನೌಕೆಗೆ ಧಾರೆಯೆರೆದಿದ್ದರು. ಕಡೆಯ ದಿನ ಅಂಚಿಗೆ ಅಂಟಿಸಿದ್ದ ಟೇಪನ್ನು ಎಳೆದರೆ, ಕಟಕಟೆಯ ಬೂದುಬಣ್ಣವು ಹಾವಿನ ಪೊರೆಯಂತೆ ಅದರೊಡನೆಯೇ ಎದ್ದುಬಂದಿತು! ಪಕ್ಕದಲ್ಲಿದ್ದ ಅವರ ಮಗಳು, “ಅಪ್ಪಾ, ಒಳಗೆಲ್ಲ ಚಿನ್ನ!” ಎಂದು ಚಪ್ಪಾಳೆ ತಟ್ಟಿದಳಂತೆ. ಅವರು ಮಾತ್ರ ಆ ವಾರವೆಲ್ಲ ಮೇಜಿನತ್ತ ಸುಳಿಯಲಿಲ್ಲ.

ನಮ್ಮ ಬೀದಿಗಳಿಗೆ ಬರುತ್ತಿದ್ದ ಕಲಾಯಿಯವನನ್ನು ಹಿರಿಯ ಓದುಗರು ಮರೆತಿರಲಾರರು. ಪಾತ್ರೆಯನ್ನು ಉಜ್ಜಿ ಬೆಳಗಿ, ಕಾಯಿಸಿ, ನವಸಾಗರದ ಪುಡಿಯೆರಚಿದ ಮೇಲಲ್ಲದೆ ಆತ ತವರವನ್ನು ಮುಟ್ಟಿಸುತ್ತಿರಲಿಲ್ಲ. ಇಲ್ಲಿಯ ಕ್ರಮವೂ ಅದೇ ಜಾತಿಯದು. ಮೊದಲು ಸಾಬೂನಿನ ನೀರು. ಮಂಕು ಹಿಡಿದಿದ್ದರೆ ಕೆಲವು ನಿಮಿಷ ವಿನಿಗರ್. ಚೆನ್ನಾಗಿ ತೊಳೆದು ಒಣಗಿಸಿ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸುವುದು. ಆಮೇಲೆ ಬರಿಗೈ ಕೂಡದು, ಚಿಮುಟವೇ ಗತಿ. ಮಡಿಸಬೇಕಾದುದನ್ನು ಬಣ್ಣಕ್ಕೆ ಮುಂಚೆಯೇ ಮಡಿಸಬೇಕು. ಇಲ್ಲವಾದರೆ ಮಡಿಕೆಯಲ್ಲಿ ಬಣ್ಣ ಬಿರಿಯುತ್ತದೆ.

ಇನ್ನು ಪ್ರೈಮರ್. ಮಕ್ಕಳ ಮೊದಲ ಪಾಠಪುಸ್ತಕಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರು. ಪಾಠ ಹೇಳುವ ವೃತ್ತಿಯವನಾದ ನನಗೆ ಈ ಸಾಮ್ಯವು ಸೊಗಸೆನಿಸುತ್ತದೆ. ನೀರಿನಲ್ಲಿ ಬೆರೆಸುವ ಅಕ್ರಿಲಿಕ್ ಪ್ರೈಮರ್ ಲೋಹದ ಮೇಲೆ ಬರಿಯ ಪೊರೆಯಾಗಿ ಕೂಡುವುದೇ ಹೆಚ್ಚು. ನಾನು ಅದನ್ನು ನಂಬೆನು. ಲೋಹಕ್ಕೆಂದೇ ಮಾಡಿದವು ಮೇಲು. ‘ಮಿಸ್ಟರ್ ಮೆಟಲ್ ಪ್ರೈಮರ್’ ಎಂಬ ಜಪಾನಿ ಸರಕು ಬಣ್ಣವಿಲ್ಲದ ತಿಳಿದ್ರವ, ಕುಂಚದಿಂದಲೇ ಹಚ್ಚಬಹುದು. ಮೋಟಾರು ದುರಸ್ತಿಯವರು ಬಳಸುವ ಎಚ್ ಪ್ರೈಮರಿನಲ್ಲಿ ಫಾಸ್ಫಾರಿಕ್ ಆಮ್ಲವಿದ್ದು, ಅದು ಲೋಹದ ಮೈಯನ್ನು ಕೆಣಕಿ ಹಿಡಿಯುತ್ತದೆ. ಆದರೆ ಅದರ ದ್ರಾವಕ ತಗುಲಿದರೆ ಪ್ಲಾಸ್ಟಿಕ್ ಕೆಡಬಹುದು. ಆದಕಾರಣ ಅದನ್ನು ಬಳಸುವವರು ಹಿತ್ತಾಳೆಯನ್ನು ನೌಕೆಗೆ ಅಂಟಿಸುವ ಮೊದಲೇ ಬೇರೆಯಾಗಿ ಬಳಿದು, ಅಂಟು ಕೂಡುವ ಜಾಗವನ್ನಷ್ಟೆ ಕೆರೆದುಕೊಳ್ಳುವುದು ಲೇಸು. ಇವುಗಳ ಹಬೆ ಒಳ್ಳೆಯದಲ್ಲ. ಕಿಟಕಿ ತೆರೆದಿರಲಿ, ದ್ರಾವಕದ ಹಬೆಯನ್ನು ತಡೆಯುವ ಮುಖವಾಡವಿರಲಿ. ತೊಟ್ಟಿಲಿರುವ ಕೋಣೆಯಲ್ಲಂತೂ ಬೇಡವೇ ಬೇಡ.

ಪ್ರೈಮರ್ ಹೆಚ್ಚಾದಷ್ಟೂ ಒಳ್ಳೆಯದೆಂಬ ಭ್ರಮೆ ಹಲವರಿಗಿದೆ. ಲೆಕ್ಕ ಹಾಕಿ ನೋಡೋಣ. 0.1 ಮಿಲಿಮೀಟರಿನ ಕಂಬಿ ನಿಜವಾದ ಹಡಗಿನಲ್ಲಿ 70 ಮಿಲಿಮೀಟರಿನ ತೊಲೆಯಾದೀತು. ಆಗಲೇ ಅದು ಅತಿಯಾಯಿತು. ಎರಡು ಬದಿಗೂ 0.02 ಮಿಲಿಮೀಟರಿನ ಲೇಪ ಕುಳಿತರೆ ಇನ್ನೂ 28 ಮಿಲಿಮೀಟರ್ ಕೂಡಿತು. ಆದುದರಿಂದ ಮಂಜು ಹನಿಸಿದಂತೆ, ಹಿತ್ತಾಳೆ ಇನ್ನೂ ಅಲ್ಲಲ್ಲಿ ಮಿನುಗುವಷ್ಟು ತೆಳುವಾಗಿ ಒಂದು ಸಲ. ಆರಿದ ಮೇಲೆ ಮತ್ತೊಂದು ಸಲ.

ಬಿಡಿಭಾಗಗಳನ್ನು ಕತ್ತರಿಸಿಕೊಂಡ ಮೇಲೆ ಉಳಿಯುವ ಹಿತ್ತಾಳೆಯ ಚೌಕಟ್ಟನ್ನು ಎಸೆಯಬೇಡಿ. ಅದಕ್ಕೂ ಅದೇ ಶುದ್ಧಿ, ಅದೇ ಪ್ರೈಮರ್, ಅದೇ ಬಣ್ಣ ಸಲ್ಲಲಿ. ಒಂದು ದಿನ ಬಿಟ್ಟು ಟೇಪನ್ನು ಒತ್ತಿ ಎಳೆಯಿರಿ. ಟೇಪು ಬರಿದಾಗಿಯೇ ಬಂದರೆ ನೌಕೆಗೆ ಕೈಹಾಕಬಹುದು. ಬಣ್ಣವನ್ನು ಹೊತ್ತು ತಂದರೆ ಮತ್ತೆ ಸಾಬೂನಿನ ನೀರಿನಿಂದಲೇ ಮೊದಲು.