ಪಣಕ್ಕಿಟ್ಟವರು ಯಾರು?

ಮಂಡ್ಯ, ಮದ್ದೂರು, ಮಳವಳ್ಳಿ ಪರಿಸರದ ಒಬ್ಬ ಹೆಣ್ಣುಮಗಳು ಗಂಡನನ್ನು ಕಳೆದುಕೊಂಡೋ, ಅವನಿಂದ ಬೇರ್ಪಟ್ಟೋ, ಮಗುವಿನ ಕೈ ಹಿಡಿದುಕೊಂಡು ಬೆಂಗಳೂರಿಗೆ ಹೊರಟು ನಿಂತಳೆಂದರೆ ಊರಿನ ಹಿರಿಯರ ಬಾಯಿಂದ ಹೊರಡುವ ಮಾತು ಒಂದೇ: "ಅದು ಕುದುರೆ ಜೂಜಿನ ಊರು ಕಣವ್ವ. ಗಂಡು ದಿಕ್ಕಿಲ್ದೆ ಅಲ್ಲಿ ಮಗ ಕೈಗೆ ಸಿಕ್ಕದಾ?" ಈ ಮಾತಿನಲ್ಲಿ ಕನಿಕರವಿದೆ, ಧರ್ಮದ ಛಾಯೆಯೂ ಇದೆ. ಆದುದರಿಂದಲೇ ಇದನ್ನು ಯಾರೂ ಪರೀಕ್ಷಿಸುವುದಿಲ್ಲ. ಪರೀಕ್ಷಿಸಿ ನೋಡಿದರೆ ಇದರೊಳಗೆ ಒಂದು ಸತ್ಯವೂ ಒಂದು ದೊಡ್ಡ ಅನ್ಯಾಯವೂ ಜೊತೆಜೊತೆಯಾಗಿ ಅಡಗಿರುವುದು ಕಾಣುತ್ತದೆ. ಜೂಜು ಕೆಟ್ಟದ್ದೆಂಬುದು ಸತ್ಯ. ಆ ಸತ್ಯವನ್ನು ಮುಂದೊಡ್ಡಿ, ಜೂಜಾಡದ ತಾಯಿಯೊಬ್ಬಳ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ಸಪ್ತವ್ಯಸನಗಳ ಎಣಿಕೆಯಲ್ಲಿ ದ್ಯೂತಕ್ಕೆ ಮೊದಲ ಸ್ಥಾನ. ಇದು ಆಕಸ್ಮಿಕವಲ್ಲ. ದುಡಿಯದೆ ದೊರೆಯುವ ಧನದ ಆಸೆ ಒಮ್ಮೆ ಮನಸ್ಸನ್ನು ಹೊಕ್ಕರೆ ಸುಳ್ಳು, ಕಳವು, ಕುಡಿತಗಳು ಕರೆಯದೆಯೇ ಹಿಂಬಾಲಿಸಿ ಬರುತ್ತವೆ. ಬೆಂಗಳೂರನ್ನು ಜೂಜಿನ ನಗರವೆಂದು ಕರೆಯುವುದೂ ಪೂರ್ತಿ ಸುಳ್ಳಲ್ಲ. ವಿಧಾನಸೌಧದಿಂದ ಹೆಚ್ಚು ದೂರವಿಲ್ಲದಂತೆ, ಊರಿನ ನಡುಮಧ್ಯದಲ್ಲಿಯೇ, ಕುದುರೆ ಪಂದ್ಯದ ಮೈದಾನವಿದೆ. ಕುದುರೆ ಪಂದ್ಯವು ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಮಾನಿಸಿತು. ಕಾನೂನಿನ ದೃಷ್ಟಿಯಲ್ಲಿ ಆ ಮಾತು ಸಲ್ಲುತ್ತದೆ. ಆದರೆ ಮನೆ ಬಾಡಿಗೆಯ ಹಣವನ್ನು ಅಲ್ಲಿ ಕಟ್ಟಿ ಬರಿಗೈಯಲ್ಲಿ ಮರಳುವವನ ಮಡದಿಗೆ, ಗಂಡ ಸೋತದ್ದು ಕೌಶಲದಲ್ಲೋ ಅದೃಷ್ಟದಲ್ಲೋ ಎಂಬ ಭೇದದಿಂದ ಅಕ್ಕಿ ಬೇಳೆ ಬರುವುದಿಲ್ಲ.

ಇಷ್ಟನ್ನು ಒಪ್ಪಿಕೊಂಡ ಮೇಲೆ ಹಿರಿಯರಿಗೆ ಒಂದು ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಆಕೆ ಬೆಂಗಳೂರಿಗೆ ಹೋಗದೆ ಊರಿನಲ್ಲಿಯೇ ಉಳಿದರೆ ಮಗು ಜೂಜಿನಿಂದ ಪಾರಾದಂತೆಯೇ? ಮಂಡ್ಯದ ಒಂದು ದಿಕ್ಕಿಗೆ ಬೆಂಗಳೂರಿನ ಪಂದ್ಯದ ಮೈದಾನ, ಇನ್ನೊಂದು ದಿಕ್ಕಿಗೆ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಮೈಸೂರಿನ ಪಂದ್ಯದ ಮೈದಾನ. ಅವೆರಡನ್ನೂ ಬದಿಗಿಡೋಣ. ಯುಗಾದಿಯ ದಿನ ಅರಳಿಕಟ್ಟೆಯ ಮೇಲೆ ಇಸ್ಪೀಟಿನ ಎಲೆ ಹಾಸಿ ಹಣವಿಟ್ಟು ಆಡುವುದನ್ನು ಸಂಪ್ರದಾಯವೆಂದು ಸಮರ್ಥಿಸುವವರು ಈ ಸೀಮೆಯವರೇ. 2007ರಲ್ಲಿ ಕರ್ನಾಟಕ ಸರ್ಕಾರ ಲಾಟರಿಯನ್ನು ನಿಷೇಧಿಸುವವರೆಗೂ ಪೇಟೆಯ ಬೀದಿಗಳಲ್ಲಿ ಟಿಕೆಟ್ಟುಗಳು ತೋರಣದಂತೆ ತೂಗುತ್ತಿದ್ದವು. ಕೂಲಿಯವನ ಸಂಜೆಯ ಸಂಬಳ ಅಲ್ಲಿಯೇ ಕರಗುತ್ತಿತ್ತು. ಲಾಟರಿ ಹೋಯಿತು, ಕ್ರಿಕೆಟ್ ಬೆಟ್ಟಿಂಗ್ ಬಂದಿತು. ಅದರ ಹಿಂದೆಯೇ ಮೊಬೈಲಿನ ರಮ್ಮಿ ಬಂದಿತು. ಈ ಕೊನೆಯ ಜೂಜಿಗೆ ಬಸ್ಸಿನ ಟಿಕೆಟ್ಟು ಬೇಡ, ಮೈದಾನ ಬೇಡ, ಕತ್ತಲೆಯ ಕೋಣೆಯೂ ಬೇಡ. ಕಬ್ಬಿನ ಗದ್ದೆಯ ಬದುವಿನ ಮೇಲೆ ಕುಳಿತೇ ಒಂದು ಎಕರೆಯ ಫಸಲನ್ನು ಕಳೆದುಕೊಳ್ಳಬಹುದು.

ಸರ್ಕಾರವೂ ಈ ವಿಷಯದಲ್ಲಿ ಬಹುಕಾಲ ತಡವರಿಸಿತು. 2021ರಲ್ಲಿ ರಾಜ್ಯವು ಪೊಲೀಸ್ ಕಾಯ್ದೆಯನ್ನು ತಿದ್ದಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2023ರ ಅಕ್ಟೋಬರ್‌ನಿಂದ ಇಂತಹ ಆಟಗಳ ಪಣದ ಪೂರ್ಣ ಮೊತ್ತದ ಮೇಲೆ ಶೇಕಡ 28ರಷ್ಟು ತೆರಿಗೆ ಬಂದಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಇವುಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿ, 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತವೂ ದೊರೆಯಿತು. ಆಟ ನಡೆಸುವವನಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಯವರೆಗೆ ದಂಡ; ಆಡಿ ಕಳೆದುಕೊಂಡವನಿಗೆ ಶಿಕ್ಷೆಯಿಲ್ಲ. ಲಾಭ ಪಡೆದವನು ಬೇರೆ, ಬಲಿಯಾದವನು ಬೇರೆ ಎಂಬ ವಿವೇಕವನ್ನು ಕಾನೂನು ಕೂಡ ಕಲಿತಿದೆ. ಊರಿನ ಹಿರಿಯರು ಮಾತ್ರ ಇನ್ನೂ ಕಲಿಯಬೇಕಾಗಿದೆ.

ಜೂಜನ್ನೇ ಆದಾಯದ ಮೂಲವನ್ನಾಗಿ ಮಾಡಿಕೊಂಡ ನಾಡುಗಳ ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದ ನೆವಾಡ ರಾಜ್ಯ ಆರ್ಥಿಕ ಮುಗ್ಗಟ್ಟಿನ ನಡುವೆ, 1931ರಲ್ಲಿ, ಜೂಜಿಗೆ ಕಾನೂನಿನ ಬಾಗಿಲನ್ನು ತೆರೆಯಿತು. ಅದೇ ವರ್ಷ, ಆರು ವಾರ ಅಲ್ಲಿ ವಾಸ ಮಾಡಿದವರಿಗೆ ವಿಚ್ಛೇದನ ದೊರೆಯುವಂತೆಯೂ ಮಾಡಿತು. ಹೊರಗಿನಿಂದ ಬಂದವರ ಹಣ ಬೇಕು. ಅವರು ಜೂಜುಗಾರರಾದರೇನು, ಮುರಿದ ಸಂಸಾರದಿಂದ ಬಂದ ಹೆಂಗಸರಾದರೇನು ಎಂಬುದು ಅದರ ಲೆಕ್ಕಾಚಾರ. ಆದರೂ ಅದೇ ರಾಜ್ಯದ ಲಾಸ್ ವೇಗಸ್ ನಗರದಲ್ಲಿ ಹೋಟೆಲಿನ ಕೋಣೆ ಗುಡಿಸಿ, ಅಡುಗೆಮನೆಯಲ್ಲಿ ದುಡಿದು ಮಕ್ಕಳನ್ನು ಬೆಳೆಸಿದ ಸಾವಿರಾರು ಹೆಂಗಸರಿದ್ದಾರೆ. ಅವರನ್ನು ಕಾಪಾಡಿದ್ದು ನ್ಯಾಯವಾದ ಸಂಬಳ ಮತ್ತು ಗಟ್ಟಿಯಾದ ಕಾರ್ಮಿಕ ಸಂಘ, ಊರಿನವರ ಉಪದೇಶವಲ್ಲ. ಹತ್ತಿರದ ಗೋವೆಯಲ್ಲಿ ಮಾಂಡವಿ ನದಿಯ ಮೇಲೆ ಕ್ಯಾಸಿನೊ ಹಡಗುಗಳು ತೇಲುತ್ತಿವೆ. 2020ರ ಫೆಬ್ರವರಿಯಿಂದ ಅಲ್ಲಿನ ಸರ್ಕಾರ ಗೋವೆಯವರೇ ಆ ಕ್ಯಾಸಿನೊಗಳಲ್ಲಿ ಆಡುವುದನ್ನು ನಿಷೇಧಿಸಿತು. ತನ್ನ ಮಕ್ಕಳಿಗೆ ವಿಷವೆಂದು ತಿಳಿದ ವಸ್ತುವನ್ನು ನೆರೆಯವರ ಮಕ್ಕಳಿಗೆ ಮಾರುವ ವ್ಯಾಪಾರ ಇದು.

"ವ್ಯಾಪಾರವೂ ಒಂದು ಜೂಜೇ ಅಲ್ಲವೇ?" ಎಂದು ಕೇಳುವವರುಂಟು. ಅಲ್ಲ. ಬೆಲ್ಲದ ವ್ಯಾಪಾರಿ ನಷ್ಟಕ್ಕೆ ಎದೆಯೊಡ್ಡುತ್ತಾನೆ, ನಿಜ. ಆದರೆ ಅವನ ವ್ಯವಹಾರದ ಕೊನೆಯಲ್ಲಿ ಬೆಳೆದವನಿಗೆ ಬೆಲೆ, ಕೊಂಡವನಿಗೆ ಬೆಲ್ಲ ದೊರೆತಿರುತ್ತದೆ. ಜೂಜಿನ ಲೆಕ್ಕದಲ್ಲಿ ಕಳೆಯುವುದುಂಟು, ಕೂಡುವುದಿಲ್ಲ. ನೂರು ಜನ ತಲಾ ನೂರು ರೂಪಾಯಿ ಕಟ್ಟಿದರೆಂದು ಇಟ್ಟುಕೊಳ್ಳೋಣ, ಒಟ್ಟು 10,000. ನಡೆಸುವವನು ಪ್ರತಿ ಸುತ್ತಿಗೂ ಐದರಲ್ಲಿ ಒಂದು ಪಾಲನ್ನು ತನಗೆಂದು ಇಟ್ಟುಕೊಂಡರೆ ಮೊದಲ ಸುತ್ತಿನ ನಂತರ ಉಳಿಯುವುದು 8,000. ಅದನ್ನೇ ಮತ್ತೆ ಕಟ್ಟಿದರೆ 6,400. ಹತ್ತನೆಯ ಸುತ್ತು ಮುಗಿದಾಗ ಸುಮಾರು 1,074. ನೂರು ಮಂದಿಯಲ್ಲಿ ಯಾರು ಗೆದ್ದರೂ ಸರಿಯೆ, ಅಷ್ಟೂ ಜನರ ಹಣ ಬಹುಪಾಲು ಒಬ್ಬನ ಪೆಟ್ಟಿಗೆಗೆ ಸೇರಿತು. ಇದಕ್ಕೆ ಯಾವ ಕೌಶಲದ ಹೆಸರಿಟ್ಟರೂ ಕೊನೆಯ ಮೊತ್ತ ಬದಲಾಗುವುದಿಲ್ಲ.

ಈಗ ನಗರಕ್ಕೆ ಹೋಗುವ ಆ ಹೆಣ್ಣುಮಗಳ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಆಕೆ ಸೇರಿದರೆ ಸಂಬಳದ ಶೇಕಡ 12 ಭವಿಷ್ಯನಿಧಿಗೆ ಹೋಗುತ್ತದೆ. ಮಾಲೀಕನೂ ಅಷ್ಟನ್ನೇ ಸೇರಿಸುತ್ತಾನೆ. ಇದು ಕೂಡುವ ಲೆಕ್ಕ. 2016ರ ಏಪ್ರಿಲ್‌ನಲ್ಲಿ, ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂಬ ನಿಯಮ ಬಂದಾಗ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಬೀದಿಗಿಳಿದರು. ಎರಡನೆಯ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಮಗಳ ಶಾಲೆಯ ಶುಲ್ಕಕ್ಕೆಂದು, ಕಾಯಿಲೆಯ ಕಾಲಕ್ಕೆಂದು ಕೂಡಿಟ್ಟ ಹಣಕ್ಕಾಗಿ ಲಾಠಿಯ ಪೆಟ್ಟನ್ನೂ ಎದುರಿಸಿದ ಈ ಹೆಂಗಸರನ್ನು, ಜೂಜಿನ ಊರಿನಲ್ಲಿ ಕೆಟ್ಟುಹೋಗುವವರೆಂದು ಶಂಕಿಸುವುದಕ್ಕೆ ಯಾರಿಗೆ ಅಧಿಕಾರವಿದೆ?

ಆಕೆ ಊರು ಬಿಡುವುದು ಸುಖಕ್ಕಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆ ಅತ್ತೆಮನೆಯವರ ಹೆಸರಿನಲ್ಲಿರುತ್ತದೆ. ತವರಿನ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲೆಂದು 2005ರ ತಿದ್ದುಪಡಿ ಹೇಳಿದರೂ, ಅಣ್ಣತಮ್ಮಂದಿರು ಚಾಚಿದ ಹಕ್ಕುಬಿಡುಗಡೆ ಪತ್ರಕ್ಕೆ ಆಕೆ ರುಜು ಹಾಕಿರುತ್ತಾಳೆ. ಕಬ್ಬು ಕಡಿಯುವ ಕೂಲಿ ವರ್ಷವಿಡೀ ಇರುವುದಿಲ್ಲ. ರೈಲುಮಾರ್ಗವೇ ಇಲ್ಲದ ಮಳವಳ್ಳಿಯಿಂದ ಒಬ್ಬ ತಾಯಿ ಆರು ವರ್ಷ ದಾಟಿದ ಮಗನೊಡನೆ ಬಸ್ಸು ಹತ್ತಿದಳೆಂದು ಭಾವಿಸೋಣ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿರುವುದರಿಂದ ಅಷ್ಟು ಮಟ್ಟಿಗೆ ಹಾದಿ ಸುಗಮ. ಕಷ್ಟ ಆರಂಭವಾಗುವುದು ಬಸ್ಸಿನಿಂದ ಇಳಿದ ಮೇಲೆ.

ಬಾಡಿಗೆ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆ, "ಯಜಮಾನರು ಎಲ್ಲಿದ್ದಾರೆ?" ಎಂದು. ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಗೆ 2023ರಲ್ಲಿ ಮಂಡ್ಯದ ಸಂಸದರಾಗಿದ್ದ ನಟ ಅಂಬರೀಶರ ಹೆಸರನ್ನಿಡಲಾಯಿತು. ಮಂಡ್ಯದ ಅಭಿಮಾನಕ್ಕೆ ನಗರದ ರಸ್ತೆಯ ಫಲಕದಲ್ಲಿ ಸ್ಥಳ ದೊರೆತದ್ದು ಸಂತೋಷವೇ. ಆದರೆ ಮಂಡ್ಯದ ಒಂಟಿ ತಾಯಿಗೆ ಅದೇ ನಗರದಲ್ಲಿ ಹತ್ತಡಿಯ ಕೋಣೆ ದೊರೆಯುವುದು ಕಷ್ಟ. ಶಾಲೆಗೆ ಹೋದರೆ ತಂದೆಯ ರುಜು ಎಲ್ಲಿ ಎನ್ನುತ್ತಾರೆ. ತಂದೆ ಜೀವಂತವಿರುವಾಗಲೂ ತಾಯಿ ಮಗುವಿನ ಸಹಜ ಪಾಲಕಳಾಗಬಹುದೆಂದು ಸರ್ವೋಚ್ಚ ನ್ಯಾಯಾಲಯ 1999ರಲ್ಲಿಯೇ ಹೇಳಿದೆ. ಆ ತೀರ್ಪು ಶಾಲೆಯ ಗುಮಾಸ್ತನ ಮೇಜನ್ನು ಇನ್ನೂ ತಲುಪಿದಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಮೂರು ಗಂಟೆಗಳದ್ದು. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುಗಳ ಪಾಲನೆಗೆ ಕೋಣೆಯಿರಬೇಕೆಂದು 1948ರ ಕಾಯ್ದೆಯೇ ವಿಧಿಸಿತ್ತು; ಆದರೆ ಅದು ಆರು ವರ್ಷದೊಳಗಿನ ಮಕ್ಕಳಿಗೆ. ಏಳು ವರ್ಷದ ಹುಡುಗನ ಶಾಲೆ ಮೂರೂವರೆಗೆ ಬಿಡುತ್ತದೆ. ತಾಯಿ ಕಾರ್ಖಾನೆಯಿಂದ ಮನೆ ಮುಟ್ಟುವಾಗ ಆರೂವರೆ. ನಡುವಿನ ಮೂರು ಗಂಟೆ ಅವನಿಗೆ ದಿಕ್ಕು ಬೀಗ ಹಾಕಿದ ಬಾಗಿಲು, ಕೈಯಲ್ಲೊಂದು ಹಳೆಯ ಮೊಬೈಲು. ಜೂಜು ಒಳಗೆ ಬರುವ ಕಿಂಡಿ ಇದು. ಕುದುರೆಯ ಮೈದಾನದಿಂದ ಅದು ಹಾರಿ ಬರುವುದಿಲ್ಲ. ಮಂಡ್ಯದಲ್ಲಿಯೇ ಆಗಲಿ, ಮದ್ದೂರಿನಲ್ಲಿಯೇ ಆಗಲಿ, ಯಾರೂ ನೋಡಿಕೊಳ್ಳದ ಆ ಮೂರು ಗಂಟೆಗಳಲ್ಲಿ ಮಗು ಏನನ್ನು ಕಲಿಯುವುದೋ ಬೆಂಗಳೂರಿನಲ್ಲಿಯೂ ಅದನ್ನೇ ಕಲಿಯುತ್ತದೆ. ತಂದೆ ಮನೆಯಲ್ಲಿದ್ದೂ ಅಂಗೈಯಲ್ಲಿ ರಮ್ಮಿ ಆಡುತ್ತಿದ್ದರೆ ಇನ್ನೂ ಬೇಗ ಕಲಿಯುತ್ತದೆ. ಎಷ್ಟೋ ತಾಯಂದಿರು ಮಕ್ಕಳನ್ನು ಕರೆದುಕೊಂಡು ಹೊರಡುವುದು ಅಂತಹ ಮನೆಯಿಂದಲೇ ಎಂಬುದನ್ನು ಹಿರಿಯರು ಮರೆಯುತ್ತಾರೆ.

ಆದಿಕವಿ ಪಂಪ ಹತ್ತನೆಯ ಶತಮಾನದಲ್ಲಿ ಭಾರತದ ಕಥೆಯನ್ನು ಕನ್ನಡಕ್ಕೆ ತಂದಾಗಿನಿಂದ ಈ ನಾಡಿಗೆ ದ್ಯೂತಸಭೆಯ ಪ್ರಸಂಗ ಪರಿಚಿತ. ಅಲ್ಲಿ ಪಗಡೆ ಆಡಿದವನು ಧರ್ಮರಾಯ, ಆಡಿಸಿದವನು ಶಕುನಿ, ನೋಡುತ್ತ ಕುಳಿತವರು ಕುಲದ ಹಿರಿಯರು. ಆಡದೆ ಪಣವಾದವಳೂ ಒಬ್ಬಳಿದ್ದಳು. ಅವಮಾನವೆಲ್ಲವೂ ಬಂದದ್ದು ಅವಳ ಪಾಲಿಗೆ. ಗಂಡನ ಸಾಲ ಹೊತ್ತು ಊರು ಬಿಡುವ ತಾಯಿಯನ್ನು "ಮಗನನ್ನು ಜೂಜಿನ ಊರಿಗೆ ಒಯ್ದಳು" ಎಂದು ನಿಂದಿಸುವ ಇಂದಿನ ಸಭೆಗೂ ಆ ಸಭೆಗೂ ಎಷ್ಟು ಅಂತರ?

ಪಾಪಕ್ಕೆ ಕೃತ, ಕಾರಿತ, ಅನುಮತ ಎಂಬ ಮೂರು ದಾರಿಗಳನ್ನು ಆಚಾರ್ಯರು ಹೇಳಿದ್ದಾರೆ: ತಾನೇ ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡುವವರಿಗೆ ಸಮ್ಮತಿಸುವುದು. ಇಸ್ಪೀಟಿನ ಎಲೆಯನ್ನೇ ಮುಟ್ಟದ ಶ್ರಾವಕ ತಾನು ಮೊದಲನೆಯದರಿಂದ ದೂರವೆಂದು ನೆಮ್ಮದಿಯಿಂದಿರಬಹುದು. ಉಳಿದೆರಡರ ಗತಿಯೇನು? ಮನರಂಜನೆಯ ಕ್ಲಬ್ಬೆಂಬ ಫಲಕದ ಹಿಂದೆ ಅಂದರ್ ಬಾಹರ್ ನಡೆಯುವುದು ತಿಳಿದಿದ್ದೂ ಹೆಚ್ಚಿನ ಬಾಡಿಗೆಯ ಆಸೆಗೆ ಮಾಳಿಗೆಯನ್ನು ಕೊಟ್ಟವನು ಯಾರು? ಐಪಿಎಲ್ ಪಂದ್ಯಗಳ ಕಾಲದಲ್ಲಿ, ನಡುಗುವ ಕೈಯಿಂದ ಹೆಂಡತಿಯ ಸರವನ್ನು ಗಿರವಿಗೆ ತಂದವನ ಮುಖ ನೋಡಿಯೂ ಏನನ್ನೂ ಕೇಳದೆ ತೂಕ ಹಾಕಿದವನು ಯಾರು? ಅದೇ ವ್ಯಕ್ತಿ ಸಂಜೆ ಪ್ರವಚನದಲ್ಲಿ ಕುಳಿತು ಸಪ್ತವ್ಯಸನಗಳ ವಿವರಣೆಗೆ ತಲೆದೂಗುತ್ತಾನೆ. ಮರುದಿನ ತನ್ನ ಖಾಲಿ ಮನೆಯನ್ನು ಕೇಳಲು ಬಂದ ಒಂಟಿ ತಾಯಿಗೆ "ಸಂಸಾರಸ್ಥರಿಗೆ ಮಾತ್ರ" ಎನ್ನುತ್ತಾನೆ. ಮಗುವನ್ನೂ ತಾಯಿಯನ್ನೂ ಸಂಸಾರವೆಂದು ಎಣಿಸದ ಈ ಗಣಿತ ಯಾವ ಶಾಸ್ತ್ರದಲ್ಲಿದೆ?

ಸಮಾಜದಿಂದ ದೊಡ್ಡ ತ್ಯಾಗವನ್ನೇನೂ ಯಾರೂ ಕೇಳುತ್ತಿಲ್ಲ. ನಗರದಲ್ಲಿ ಮನೆಯುಳ್ಳವರು ಬಾಡಿಗೆಯ ಕರಾರಿಗೆ ತಾಯಿಯ ರುಜುವೊಂದೇ ಸಾಕೆಂದು ಒಪ್ಪಲಿ. ಬಸದಿಗಳ ಪಕ್ಕದ ಸಭಾಭವನಗಳು ಮದುವೆಯಿಲ್ಲದ ದಿನಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ಶಾಲೆ ಬಿಟ್ಟ ವೇಳೆಯಿಂದ ಸಂಜೆಯವರೆಗೆ, ಯಾವ ಜಾತಿಯ ಮಕ್ಕಳೆಂದು ಕೇಳದೆ, ಅವುಗಳ ಬಾಗಿಲನ್ನು ತೆರೆಯಲಿ. ಒಬ್ಬ ನಿವೃತ್ತ ಉಪಾಧ್ಯಾಯರು, ಒಂದು ಚಾಪೆ, ಒಂದು ಹಿಡಿ ಕಡಲೆ ಇದ್ದರೆ ಅಷ್ಟು ಸಾಕು. ಜೂಜಿನ ಸಾಲಕ್ಕೆಂದು ತಿಳಿದೂ ಒಡವೆ ಹಿಡಿಯುವುದಿಲ್ಲವೆಂದು ಅಂಗಡಿಯವರು ವ್ರತ ತೊಡಲಿ. ಜೂಜಿನ ಅಡ್ಡೆಗೆ ಮಳಿಗೆ ಕೊಟ್ಟವರು ತೆರವು ಮಾಡಿಸಲಿ. ಬಾಡಿಗೆಯಲ್ಲಿ ಕೆಲವು ಸಾವಿರ ಕಡಿಮೆಯಾಗಬಹುದು. ಅದನ್ನು ದಾನದ ಖಾತೆಯಲ್ಲಿ ಬರೆದುಕೊಳ್ಳಬೇಕಾಗಿಲ್ಲ, ಅದು ಸಾಲ ತೀರಿಸಿದ ಲೆಕ್ಕ.

ಇಷ್ಟನ್ನು ಮಾಡಿದ ನಂತರ, ಬಸ್ ನಿಲ್ದಾಣದಲ್ಲಿ ಮಗುವಿನೊಡನೆ ನಿಂತ ತಾಯಿಗೆ ಹಿರಿಯರು ಧಾರಾಳವಾಗಿ ಬುದ್ಧಿ ಹೇಳಬಹುದು. ಅಲ್ಲಿಯವರೆಗೆ ಆಕೆಯ ಗಂಟನ್ನು ಬಸ್ಸಿನ ಮೇಲೆ ಎತ್ತಿಕೊಟ್ಟು, ಬೆಂಗಳೂರಿನಲ್ಲಿರುವ ಪರಿಚಯದವರ ವಿಳಾಸವೊಂದನ್ನು ಬರೆದುಕೊಟ್ಟರೆ ಅದೇ ಧರ್ಮ.